ಸ್ಟೇರಿಂಗ್ ‘ಆಡುತ್ತದೆ’ ಅಂದರೆ ಏನರ್ಥ?

ಎಲ್ಲರಿಗೂ ನಮಸ್ಕಾರ. ‘ಆಡು’ ಅನ್ನುವ ಪದದ ಬಗ್ಗೆ ಒಂದು ಪ್ರಶ್ನೆ ಇದೆ. ಅದು ಹುಟ್ಟಿದ ಕತೆ ಹೇಳದೆ ಸುಮ್ನೆ ಪ್ರಶ್ನೆ ಮಾತ್ರ ಕೇಳಿದರೆ ಸರಿಯಾಗಿ ತಿಳಿಯಲಿಕ್ಕಿಲ್ಲ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ನಮ್ಮದು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಮನೆ ಗುಡ್ಡೆಯ ಮೇಲೆ, ಅಡಿಕೆ ತೋಟ ಕೆಳಗೆ. ನಡುವೆ ಮುರಕಲ್ಲಿನ ಇಳಿಜಾರು. ಮಳೆಗಾಲದಲ್ಲಿ ಮಾಮೂಲಿ ಕಾರು ಅಲ್ಲಿ ಇಳಿದರೆ ಮತ್ತೆ ಮೇಲೆ ಹತ್ತುವುದಿಲ್ಲ. ಅದಕ್ಕೇ ಭಾವ ಈ ಸಲ ಒಂದು ಹೊಸ ಫೋರ್‌ವೀಲ್ ಜೀಪು, ಅಂದರೆ ನಾಲ್ಕೂ ಚಕ್ರಕ್ಕೆ ಇಂಜಿನ್ನಿನ ಬಲ ಹೋಗುವಂಥದ್ದು, ತೆಗೆಯಲು ಹೊರಟರು. (ಕಂಪನಿ ಯಾವುದೇ ಇರಲಿ, ನಮ್ಮ ಕಡೆ ಇಂಥ ಗಾಡಿಗೆಲ್ಲ ಜೀಪು ಅಂತಲೇ ಹೆಸರು.) ಟೆಸ್ಟ್ ಡ್ರೈವಿಗೆ ಕೊಟ್ಟ ಗಾಡಿ ಚೆನ್ನಾಗಿತ್ತು. ಚೆರ್ಕಳದಿಂದ ಬದಿಯಡ್ಕದ ಕಡೆಗೆ ಬರುವ ತಿರುವುಗಳಲ್ಲಿ ಬಿಟ್ಟು ನೋಡಿದೆವು. ಏನೂ ಹೇಳುವಂತಿರಲಿಲ್ಲ. ಆದರೆ ನಾವು ಕೊಳ್ಳುವುದು ಆ ಗಾಡಿಯನ್ನಲ್ಲ, ಯಾರ್ಡಿನಲ್ಲಿ ನಿಂತಿರುವ ಇನ್ನೊಂದನ್ನು. ನೋಂದಣಿ ಆಗಿ ನಂಬರ್ ಬಿದ್ದ ಮೇಲೆ ‘ಬೇರೆ ಕೊಡಿ’ ಅನ್ನುವುದು ಕಷ್ಟ. ಅದಕ್ಕೆ ಮೊದಲೇ ನಮ್ಮದೇ ಗಾಡಿಯನ್ನು ನೋಡುತ್ತೇವೆ ಅಂತ ಭಾವ ಹಟ ಹಿಡಿದರು.

ಯಾರ್ಡಿನಲ್ಲಿ ನಾಲ್ಕು ಸುತ್ತು ಹಾಕಿ ಇಳಿದವರೇ ನನ್ನ ಕಡೆ ತಿರುಗಿ, “ಇದು ಆಡ್ತನ್ನೆ” ಅಂದರು. ನಾನೂ ಕೂತು ನೋಡಿದೆ. ಹೌದು, ಸ್ಟೇರಿಂಗ್ ನೆಟ್ಟಗಿರುವಾಗ ಆಚೆ ಈಚೆ ಸ್ವಲ್ಪ ತಿರುಗಿಸಿದರೆ ಗಾಡಿಗೆ ಗೊತ್ತೇ ಆಗುವುದಿಲ್ಲ. ಕೈಗೆ ಏನೂ ತಾಗುವುದಿಲ್ಲ. ಕೌಂಟರಿನಲ್ಲಿದ್ದ ಹುಡುಗನಿಗೆ ಭಾವ ಕನ್ನಡದಲ್ಲೇ ಹೇಳಿದರು: “ಸ್ಟೇರಿಂಗ್ ಆಡುತ್ತದೆ.” ಆತನ ಮನೆಮಾತು ಮಲಯಾಳ, ಕನ್ನಡ ಚೆನ್ನಾಗಿ ಅರ್ಥವಾಗುತ್ತದೆ. “ಆಡುನ್ನುಂಡ್, ಅಲ್ಲೇ?” (ಆಡುತ್ತಾ ಇದೆ, ಅಲ್ಲವಾ?) ಅಂತ ಮಲಯಾಳದಲ್ಲಿ ಕೇಳಿ ಖಾತ್ರಿ ಮಾಡಿಕೊಂಡ. ಭಾವ “ಹೌದು ಹೌದು” ಅಂದರು. ಆತ ಕಾರ್ಡಿನಲ್ಲಿ ಬರೆದುಕೊಂಡ.

ನಾಲ್ಕು ದಿನದ ಮೇಲೆ ಫೋನ್ ಬಂತು. ಸರಿಯಾಗಿದೆ, ಬನ್ನಿ ಅಂದರು. ಹೋಗಿ ನೋಡಿದರೆ ನಾಲ್ಕೂ ಚಕ್ರಕ್ಕೆ ವೀಲ್ ಬ್ಯಾಲೆನ್ಸಿಂಗ್ ಮಾಡಿ, ರಿಮ್ಮಿನ ಒಳಗೆ ಹೊಳೆಯುವ ಸಣ್ಣ ತೂಕದ ಪಟ್ಟಿಗಳನ್ನು ಅಂಟಿಸಿದ್ದರು. ನಾವು ಹೇಳಿದ್ದು ಹಾಗೇ ಇತ್ತು.

ಆಗ ಭಾವ ಮಾಡಿದ ಕೆಲಸ ನನಗೆ ತುಂಬ ಹಿಡಿಸಿತು. ಅಲ್ಲೇ ಒಂದು ತುಂಡು ಬಿಳಿ ಟೇಪು ಕೇಳಿ ತೆಗೆದುಕೊಂಡು ಸ್ಟೇರಿಂಗ್ ಚಕ್ರದ ತಲೆಯ ಮೇಲೆ, ಸರಿಯಾಗಿ ನಡುವಿಗೆ, ಅಂಟಿಸಿದರು. ಮುಂದಿನ ಚಕ್ರ ನೆಟ್ಟಗಿಟ್ಟು ಇಂಜಿನ್ ಚಾಲೂ ಮಾಡಿದರು. ಹುಡುಗ ಒಂದು ಸ್ಟೀಲ್ ಸ್ಕೇಲನ್ನು ಟೇಪಿನ ಮುಂದೆ ಅಲ್ಲಾಡದಂತೆ ಹಿಡಿದ. ನಾನು ಕೆಳಗೆ ಕುಕ್ಕರಗಾಲಿನಲ್ಲಿ ಕೂತು ಮುಂದಿನ ಟಯರಿನ ಅಂಚಿಗೆ ತೋರುಬೆರಳು ತಾಗಿಸಿ ಇಟ್ಟೆ. ಭಾವ ಒಂದೇ ಬೆರಳಿನಲ್ಲಿ ಮೆಲ್ಲ ಎಡಕ್ಕೆ ತಿರುಗಿಸಿದರು. ಟಯರು ಅಲುಗಿದ ಕೂಡಲೇ ನಾನು “ಹೂಂ” ಅಂದೆ. ಅಲ್ಲಿಂದ ಹಾಗೇ ಬಲಕ್ಕೆ. ಮತ್ತೆ “ಹೂಂ”. ಎರಡು ‘ಹೂಂ’ಗಳ ನಡುವೆ ಟೇಪು ಸ್ಕೇಲಿನ ಮೇಲೆ 45 ಮಿಲಿಮೀಟರ್ ಓಡಿತ್ತು. ಕೆಲವು ಗಾಡಿಗಳ ಕೈಪಿಡಿಯಲ್ಲಿ ಇದಕ್ಕೆ 30 ಮಿಲಿಮೀಟರಿನವರೆಗೆ ಮಿತಿ ಕೊಟ್ಟಿರುತ್ತಾರೆ. ಇನ್ನು ಕೆಲವದರಲ್ಲಿ ಅದಕ್ಕಿಂತಲೂ ಕಡಿಮೆ.

ಮೆಕ್ಯಾನಿಕ್ ಗಾಡಿಯ ಅಡಿಗೆ ಹೋಗಿ ನೋಡಿದರು. ಸ್ಟೇರಿಂಗಿನಿಂದ ಕೆಳಗಿನ ಪೆಟ್ಟಿಗೆಗೆ ಹೋಗುವ ಸರಳಿನ ಜಾಯಿಂಟಿನಲ್ಲಿ ಒಂದು ಬೋಲ್ಟು ಪೂರ್ತಿ ಬಿಗಿಯಾಗಿರಲಿಲ್ಲ. ಅಷ್ಟೇ. ಬಿಗಿ ಮಾಡಿ ಮತ್ತೆ ಅಳೆದಾಗ ಟೇಪು ಸ್ವಲ್ಪವೇ ಸರಿಯಿತು. ಅಷ್ಟೇ ಅಂದೆ, ಆದರೆ ಅದು ಸಡಿಲವಾಗಿ ಕಳಚಿದ್ದರೆ ಇಳಿಜಾರಿನಲ್ಲಿ ಗಾಡಿ ಹಿಡಿತಕ್ಕೇ ಸಿಗುತ್ತಿರಲಿಲ್ಲ.

ಆಮೇಲೆ ಆ ಹುಡುಗ ಭಾವನ ಹತ್ತಿರ ಬಂದು ಹೇಳಿದ್ದು ಇದು: “ಸಾರ್, ನೀವು ಆಡುತ್ತದೆ ಅಂದದ್ದನ್ನು ನಾನು ವಿರೆಯುತ್ತದೆ ಅಂತ ತಿಳಿದೆ. ಪ್ಲೇ ಉಂಟು ಅಂದಿದ್ದರೆ ಆಗುತ್ತಿತ್ತು.” ‘ಪ್ಲೇ’ ಅಂದರೆ ಸ್ಟೇರಿಂಗಿನ ಈ ಬಿಡುವಿಗೆ ಗ್ಯಾರೇಜಿನವರು ಹೇಳುವ ಇಂಗ್ಲಿಷ್ ಪದ. ‘ವಿರೆ’ ಅಂದರೆ ನಡುಗು. ಆತ ಮಲಯಾಳದ ಪದಕ್ಕೆ ಕನ್ನಡದ ಬಾಲ ಜೋಡಿಸಿ ಹೇಳಿದ. ನಮ್ಮ ಊರಲ್ಲಿ ದಿನಾ ಕೇಳುವ ಭಾಷೆ ಇದೇ.

ಅವತ್ತಿಂದ ಈ ಪದ ನನ್ನ ತಲೆಯಲ್ಲಿ ಕೂತಿದೆ. ಮಲಯಾಳದಲ್ಲಿ ‘ಆಡುಕ’ ಅಂದರೆ ತೂಗಾಡು, ಅಲ್ಲಾಡು, ಕುಣಿ. ಹಲ್ಲು ಅಲ್ಲಾಡಿದರೆ ‘ಪಲ್ಲ್ ಆಡುನ್ನು’. ಮಕ್ಕಳ ಆಟಕ್ಕೆ ಅಲ್ಲಿ ಬೇರೆಯೇ ಪದ, ‘ಕಳಿಕ್ಕುಕ’. ನಮ್ಮಲ್ಲಿ ಎರಡಕ್ಕೂ ‘ಆಡು’ವೇ. ಉಯ್ಯಾಲೆಯೂ ಆಡುತ್ತೇವೆ, ಚೆಂಡೂ ಆಡುತ್ತೇವೆ, ಮಾತೂ ಆಡುತ್ತೇವೆ. ಹಾಗಾಗಿ ಹುಡುಗ ಕೇಳಿಸಿಕೊಂಡದ್ದು ತಪ್ಪಲ್ಲ. ಭಾವ ಹೇಳಿದ್ದೂ ತಪ್ಪಲ್ಲ. ಇಬ್ಬರೂ ಒಂದೇ ಪದ ಹೇಳಿ, ಒಬ್ಬರಿಗೊಬ್ಬರು ಹೌದು ಹೌದು ಅಂದು, ಬೇರೆ ಬೇರೆ ರೋಗ ತಿಳಿದುಕೊಂಡಿದ್ದರು.

ನನಗೆ ಮೊದಲು ಇನ್ನೊಂದು ಅನುಮಾನ ಇತ್ತು. ಸ್ಟೇರಿಂಗಿಗೆ ‘ಆಟ’ ಅನ್ನುವುದು ಇಂಗ್ಲಿಷಿನ ‘ಪ್ಲೇ’ಯನ್ನು ಹಾಗೇ ಕನ್ನಡಕ್ಕೆ ತಂದದ್ದು ಇರಬಹುದಾ ಅಂತ. ಯೋಚಿಸಿದಷ್ಟೂ ಹಾಗಲ್ಲ ಅನ್ನಿಸುತ್ತಿದೆ. ಬಳೆ ತೊಡಿಸುವಾಗ ಅಮ್ಮ ಹೇಳುತ್ತಾರೆ, ‘ಕೈಯಲ್ಲಿ ಸ್ವಲ್ಪ ಆಡುವ ಹಾಗೆ ಇರಲಿ’ ಅಂತ. ಕಿಟಕಿ ತೆರೆದಿಡಿ, ಗಾಳಿ ಆಡಲಿ ಅನ್ನುತ್ತೇವೆ. ಚಪ್ಪಲಿಯಲ್ಲಿ ಬೆರಳು ಆಡುವಷ್ಟು ಜಾಗ ಬೇಕು ಅನ್ನುತ್ತೇವೆ. ಒಂದು ವಸ್ತು ತನ್ನ ಜಾಗದಲ್ಲಿ ಇದ್ದುಕೊಂಡೇ ಆಚೀಚೆ ಹೋಗಲು ಇರುವ ಬಿಡುವು. ಇದು ನಮ್ಮ ‘ಆಡು’ವಿನಲ್ಲಿ ಮೊದಲಿಂದಲೂ ಇದ್ದ ಅರ್ಥ. ಭಾವ ಇಂಗ್ಲಿಷ್ ಪದ ನೆನೆದು ಹೇಳಿದವರಲ್ಲ. ಬಾಯಿಗೆ ಬಂದದ್ದನ್ನು ಹೇಳಿದರು, ಅದು ಸರಿಯಾದ ಕನ್ನಡವೇ ಆಗಿತ್ತು. ತೊಂದರೆ ಏನೆಂದರೆ, ಗಡಿಯಲ್ಲಿ ಆ ಸರಿಯಾದ ಕನ್ನಡ ಕೆಲಸಕ್ಕೆ ಬರಲಿಲ್ಲ.

‘ಆಟ ಉಂಟು’ ಅಂತ ನಾಮಪದ ಮಾಡಿದರೆ ಇನ್ನೂ ಕಷ್ಟ. ನಮ್ಮಲ್ಲಿ ಆಟ ಅಂದರೆ ಯಕ್ಷಗಾನ. ಯಕ್ಷಗಾನದ ಕವಿ ಕುಂಬಳೆಯ ಪಾರ್ತಿಸುಬ್ಬ ಹುಟ್ಟಿದ ಸೀಮೆ ಇದು. ‘ಆಟ ಉಂಟು’ ಅಂದರೆ ‘ಎಲ್ಲಿ, ಯಾವ ಮೇಳ?’ ಅನ್ನುವ ಪ್ರಶ್ನೆಯೇ ಬರುತ್ತದೆ.

ಉಳಿದ ದೂರುಗಳಿಗೆ ಪದಗಳ ಕೊರತೆ ಇಲ್ಲ ಅಂತ ನನ್ನ ಅಂದಾಜು. ಒಂದು ನಿರ್ದಿಷ್ಟ ವೇಗಕ್ಕೆ ಹೋದಾಗ ಸ್ಟೇರಿಂಗ್ ಕೈಯಲ್ಲಿ ಗಡಗಡ ಅಂದರೆ ಅದು ‘ನಡುಗುತ್ತದೆ’. ಸಾಮಾನ್ಯವಾಗಿ ಚಕ್ರದ ತೂಕ ಸರಿ ಇಲ್ಲದ್ದು, ಬ್ಯಾಲೆನ್ಸಿಂಗಿನಿಂದ ಹೋಗುತ್ತದೆ. ನೆಟ್ಟಗಿನ ರಸ್ತೆಯಲ್ಲಿ ಗಾಡಿ ಒಂದು ಬದಿಗೆ ಹೋಗುವುದಕ್ಕೆ ಜನ ‘ಎಳೆಯುತ್ತದೆ’, ‘ಸರಿಯುತ್ತದೆ’, ‘ವಾಲುತ್ತದೆ’ ಮೂರನ್ನೂ ಹೇಳುತ್ತಾರೆ. ನನ್ನ ಮನಸ್ಸಿಗೆ ಇವು ಮೂರೂ ಬೇರೆ. ಹಿಡಿದ ಕೈಗೆ ಜಗ್ಗಿದ ಹಾಗೆ ಆದರೆ ‘ಎಳೆ’. ಕೈ ಸಡಿಲ ಬಿಟ್ಟಾಗ ತಾನಾಗಿ ಹೋದರೆ ‘ಸರಿ’. ಗಾಡಿಯ ಮೈ ಒಂದು ಕಡೆಗೆ ತಗ್ಗಿದರೆ ‘ವಾಲು’. ನಮ್ಮ ರಸ್ತೆಗಳು ಮಳೆನೀರು ಇಳಿದು ಹೋಗಲಿ ಅಂತ ನಡುವೆ ಉಬ್ಬಿ ಬದಿಗೆ ತಗ್ಗಿರುತ್ತವೆ. ಎಡಬದಿಯಲ್ಲಿ ಹೋಗುವ ಗಾಡಿ ಚೂರು ಎಡಕ್ಕೆ ಸರಿಯುವುದು ಸಹಜ, ಅದು ದೋಷ ಅಲ್ಲ. ಎಳೆದರೆ ಮಾತ್ರ ಟಯರಿನ ಗಾಳಿ, ಅಲೈನ್‌ಮೆಂಟ್, ಹಿಡಿದುಕೊಂಡ ಬ್ರೇಕು, ಎಲ್ಲ ನೋಡಬೇಕು. ‘ಸರಿ’ಯಲ್ಲಿ ಒಂದು ತೊಡಕು ಉಂಟು. ‘ಗಾಡಿ ಸರಿಯುತ್ತದೆ’ ಅನ್ನುವುದು ಅರೆ ಕಿವಿಗೆ ‘ಸರಿಯಾಗುತ್ತದೆ’ ಅಂತ ಕೇಳಬಹುದು.

ಫೋರ್‌ವೀಲ್ ಗಾಡಿಗೆ ಮಾತ್ರ ಬರುವ ಒಂದು ದೂರು ‘ಹಿಡಿಯುತ್ತದೆ’. ಕೆಲವು ಗಾಡಿಯಲ್ಲಿ ಫೋರ್‌ವೀಲಿಗೆ ಹಾಕಿದಾಗ ಮುಂದಿನ ಮತ್ತು ಹಿಂದಿನ ಅಚ್ಚುಗಳು ಒಂದಕ್ಕೊಂದು ಬಿಗಿದ ಹಾಗೆ ಒಟ್ಟಿಗೆ ತಿರುಗುತ್ತವೆ. ತಿರುವಿನಲ್ಲಿ ಮುಂದಿನ ಚಕ್ರ ಹೆಚ್ಚು ದೂರ ಹೋಗಬೇಕು, ಹಿಂದಿನದು ಕಡಿಮೆ. ಕೆಸರಿನಲ್ಲಿ ಚಕ್ರ ಜಾರಿ ಅದು ಸರಿಹೋಗುತ್ತದೆ. ಒಣ ಡಾಂಬರಿನಲ್ಲಿ ಜಾರುವುದಿಲ್ಲ, ಹಾಗಾಗಿ ಸ್ಟೇರಿಂಗ್ ಗಟ್ಟಿಯಾಗಿ ಹಿಡಿಯುತ್ತದೆ, ಗಾಡಿ ಕುಪ್ಪಳಿಸಿದಂತೆ ಆಗುತ್ತದೆ. ಹೊಸಬರು ಇದನ್ನು ದೋಷ ಅಂದುಕೊಂಡು ಗಾಡಿಯೇ ಬೇಡ ಅಂದದ್ದುಂಟು. ಡಾಂಬರಿನಲ್ಲಿ ನೋಡುವಾಗ ಟೂವೀಲಿನಲ್ಲೇ ಇಟ್ಟು ನೋಡಬೇಕು. ಈ ‘ಹಿಡಿ’ ಮಲಯಾಳದ ‘ಪಿಡಿಕ್ಕು’ವಿಗೆ ಸರಿಯಾಗಿ ಹೊಂದುವುದರಿಂದ ಇಲ್ಲಿ ಗೊಂದಲ ಇಲ್ಲ. ಕಲ್ಲಿಗೆ ಚಕ್ರ ತಾಗಿ ಸ್ಟೇರಿಂಗ್ ಒಮ್ಮೆಲೇ ತಿರುಗಿ ಕೈಗೆ ಹೊಡೆಯುವುದಕ್ಕೆ ‘ಒದೆಯುತ್ತದೆ’ ಅಂತ ಎಲ್ಲರೂ ಹೇಳುತ್ತಾರೆ. ಅದಕ್ಕೇ ಗುಡ್ಡೆ ದಾರಿಯಲ್ಲಿ ಹೆಬ್ಬೆರಳನ್ನು ಸ್ಟೇರಿಂಗಿನ ಒಳಗೆ ಸಿಕ್ಕಿಸಬಾರದು. ತುಂಬ ಒಳ್ಳೆಯ ಪದ, ಎಮ್ಮೆಯ ಒದೆತ ತಿಂದವರಿಗೆ ವಿವರಿಸುವುದೇ ಬೇಡ.

ಹಾಗೇ ಇನ್ನೊಂದು ಸಣ್ಣ ವಿಷಯ. ಮಲಯಾಳದಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸುವುದಕ್ಕೆ ‘ಒಡಿಕ್ಕುಕ’ ಅನ್ನುತ್ತಾರೆ. ಆ ಪದಕ್ಕೆ ಮುರಿಯುವುದು ಅಂತಲೂ ಅರ್ಥ. ಮೊದಲ ಸಲ ಕೇಳಿದ ಘಟ್ಟದ ಮೇಲಿನವರು ಬೆಚ್ಚುತ್ತಾರೆ. ಆದರೆ ನಮ್ಮ ‘ಮುರಿ’ಗೂ ತಿರುಗು, ಬಾಗು ಅನ್ನುವ ಅರ್ಥ ಇದೆ. ಉತ್ತರ ಕರ್ನಾಟಕದ ಗೆಳೆಯರು ‘ಎಡಕ್ಕೆ ಮುರಿದುಕೊಂಡು ಹೋಗಿ’ ಅನ್ನುವುದನ್ನು ನಾನೇ ಕೇಳಿದ್ದೇನೆ.

ಈಗ ಪ್ರಶ್ನೆಗೆ ಬರುತ್ತೇನೆ. ಸ್ಟೇರಿಂಗ್ ತಿರುಗುತ್ತದೆ, ಚಕ್ರ ತಿರುಗುವುದಿಲ್ಲ. ಈ ನಡುವಿನ ಬಿಡುವಿಗೆ ನಿಮ್ಮ ಊರಲ್ಲಿ ಏನನ್ನುತ್ತಾರೆ? ‘ಲೂಸ್’, ‘ಸಡಿಲ’ ಎರಡೂ ನನಗೆ ಸಮಾಧಾನ ಕೊಡುತ್ತಿಲ್ಲ. ಪವರ್ ಸ್ಟೇರಿಂಗ್ ಹಗುರ ತಿರುಗಿದರೂ ಜನ ‘ಲೂಸ್ ಉಂಟು’ ಅಂತ ಹೊಗಳುತ್ತಾರೆ. ಮೆಚ್ಚುಗೆಗೂ ದೂರಿಗೂ ಒಂದೇ ಪದ ಆದರೆ ಹೇಗೆ? ‘ಎಡೆ’ ಅನ್ನಬಹುದಾ ಅಂತ ಒಂದು ಯೋಚನೆ. ಕಾಸರಗೋಡಿನಲ್ಲಿ ಸಂದಿಗೆ ಎಡೆ ಅನ್ನುವುದು ಈಗಲೂ ಉಂಟು, ಮಲಯಾಳದವರಿಗೂ ‘ಇಡ’ ಅಂತ ತಿಳಿಯುತ್ತದೆ. ಆದರೆ ಎಡೆ ಕಣ್ಣಿಗೆ ಕಾಣುವ ಸಂದು. ಇದು ಕಾಣುವುದಿಲ್ಲ, ಕೈಗೆ ಮಾತ್ರ ಗೊತ್ತಾಗುತ್ತದೆ. ನಾನೇ ಕಟ್ಟಿಕೊಂಡ ಇನ್ನೊಂದು ಪದ ‘ಹುಸಿಸುತ್ತು’. ಹುಸಿನಗೆ, ಹುಸಿಮುನಿಸು ಇದ್ದ ಹಾಗೆ. ಭಾವನಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಪುಸ್ತಕದಲ್ಲಿ ಚೆನ್ನಾಗಿದೆ, ಗ್ಯಾರೇಜಿನಲ್ಲಿ ನಡೆಯಲಿಕ್ಕಿಲ್ಲ” ಅಂದರು.

ಪದ ಬೇಕಾದ್ದು ಇನ್ನೊಂದು ಕಾರಣಕ್ಕೂ. ಈ ಬಿಡುವು ಎಲ್ಲ ಗಾಡಿಯಲ್ಲೂ ಸ್ವಲ್ಪ ಇರುತ್ತದೆ. ಜಿಮ್ನಿಯಂಥ ಗಾಡಿಯಲ್ಲಿ ಮುಂದೆಯೂ ಒಂದೇ ಉದ್ದ ಅಚ್ಚು, ಸ್ಟೇರಿಂಗಿಗೆ ಗುಂಡುಗಳ ಮೇಲೆ ಓಡುವ ಪೆಟ್ಟಿಗೆ. ಥಾರ್‌ನಲ್ಲಿ ಮುಂದಿನ ಎರಡು ಚಕ್ರ ಬಿಡಿಬಿಡಿ. ಪೆಟ್ಟಿಗೆ ಇರುವ ಕಡೆ ನಡುವಿನಲ್ಲಿ ಬಿಡುವು ತುಸು ಜಾಸ್ತಿ ಅನ್ನಿಸುವುದು ಮಾಮೂಲಿ. ಹಾಗಾಗಿ ‘ಇರಬೇಕಾದಷ್ಟು’ ಮತ್ತು ‘ಮಿತಿ ಮೀರಿದ್ದು’ ಎರಡನ್ನೂ ಬೇರೆ ಮಾಡಿ ಹೇಳಲು ಬರುವ ಪದ ಬೇಕು. ಮುಂದೆ ಉದ್ದ ಅಚ್ಚು ಇರುವ ಗಾಡಿಯಲ್ಲಿ ಕೀಲುಗಳು ಸವೆದು ಈ ಬಿಡುವು ಬೆಳೆದರೆ, ವೇಗದಲ್ಲಿ ಗುಂಡಿಗೆ ಬಿದ್ದಾಗ ಮುಂದಿನ ಚಕ್ರಗಳು ಹುಚ್ಚು ಹಿಡಿದಂತೆ ನಡುಗಲು ಶುರುವಾಗಬಹುದು, ವೇಗ ಇಳಿಸದೆ ನಿಲ್ಲುವುದಿಲ್ಲ. ಅಂದರೆ ಒಂದು ‘ಆಡು’ ಇನ್ನೊಂದು ‘ಆಡು’ವಿಗೆ ಕಾರಣ. ಎರಡಕ್ಕೂ ಒಂದೇ ಹೆಸರಿಟ್ಟರೆ ಮೆಕ್ಯಾನಿಕ್ ಯಾವುದನ್ನು ಹುಡುಕಬೇಕು?

ಹೊಸೂರು, ಕೃಷ್ಣಗಿರಿ ಕಡೆಯವರು ದಯವಿಟ್ಟು ತಿಳಿಸಿ. ತಮಿಳಿನಲ್ಲೂ ಹಲ್ಲು ‘ಆಡುದು’ ಅನ್ನುತ್ತಾರಲ್ಲ, ನಿಮಗೂ ಇದೇ ಗೊಂದಲ ಆಗಿರಬೇಕು. ಸೊಲ್ಲಾಪುರ, ಜತ್ತ, ಅಕ್ಕಲಕೋಟೆಯ ಕನ್ನಡಿಗರು ಮರಾಠಿ ಗ್ಯಾರೇಜಿನಲ್ಲಿ ಇದನ್ನು ಏನಂತ ಹೇಳುತ್ತೀರಿ? ತುಳುವಿನಲ್ಲಿ ಇದಕ್ಕೆಂದೇ ಒಂದು ಪದ ಇದ್ದರೆ ಅದನ್ನೂ ಬರೆಯಿರಿ. ಎತ್ತಿನ ಗಾಡಿ ಕಟ್ಟುತ್ತಿದ್ದ ಬಡಗಿಗಳಿಗೆ ಚಕ್ರ ಅಚ್ಚಿನ ಮೇಲೆ ಎಷ್ಟು ಆಡಬೇಕು ಅನ್ನುವ ಲೆಕ್ಕ ಗೊತ್ತಿತ್ತು, ಅದಕ್ಕೊಂದು ಹೆಸರೂ ಇದ್ದಿರಬೇಕು. ಮನೆಯಲ್ಲಿ ಹಿರಿಯರಿದ್ದರೆ ಕೇಳಿ ನೋಡಿ.

ಸದ್ಯಕ್ಕೆ ಕಾರ್ಡಿನಲ್ಲಿ ಬರೆಸಲು ಹೀಗೊಂದು ವಾಕ್ಯ ಮಾಡಿಟ್ಟಿದ್ದೇನೆ: ‘ಇಂಜಿನ್ ಚಾಲೂ ಇದ್ದು ಗಾಡಿ ನಿಂತಿರುವಾಗ, ಸ್ಟೇರಿಂಗನ್ನು ಎರಡು ಬೆರಳಿನಷ್ಟು ತಿರುಗಿಸಿದರೂ ಮುಂದಿನ ಚಕ್ರ ಅಲುಗುವುದಿಲ್ಲ.’ ಇದನ್ನು ಯಾರೂ ತಪ್ಪು ತಿಳಿಯಲಾರರು. ಆದರೆ ಇಷ್ಟುದ್ದ ಬರೆಯಲು ಆ ಕಾರ್ಡಿನಲ್ಲಿ ಜಾಗ ಇಲ್ಲ. ಭಾವನ ಗಾಡಿಯ ಮೊದಲ ಸರ್ವಿಸ್ ಮುಂದಿನ ತಿಂಗಳು. ಅಷ್ಟರೊಳಗೆ ನಿಮ್ಮಿಂದ ಒಂದು ಪದ ಸಿಕ್ಕಿದರೆ ಅದನ್ನೇ ಬರೆಸುತ್ತೇನೆ, ಆ ಹುಡುಗನಿಗೆ ಏನು ಅರ್ಥವಾಯಿತು ಅಂತಲೂ ಇಲ್ಲಿ ತಿಳಿಸುತ್ತೇನೆ.