ಪದಚರ್ಚೆ: 'ದೆಕೊಲಾಜ್'ಗೆ ಕನ್ನಡದಲ್ಲಿ ಏನನ್ನೋಣ?

ಪ್ರಶ್ನೆ: ಪ್ಯಾರಿಸ್‌ನ ಜಾಕ್ ವಿಲೆಗ್ಲೆ (1926–2022), ಲಾಸ್ ಏಂಜಲೀಸ್‌ನ ಮಾರ್ಕ್ ಬ್ರಾಡ್‌ಫರ್ಡ್, ಇಬ್ಬರಿಗೂ ಬೀದಿ ಪೋಸ್ಟರೇ ಸಾಮಗ್ರಿ. ತಿದ್ದಲು ಬಂದ ಲೇಖನದಲ್ಲಿ ಇಬ್ಬರನ್ನೂ 'ಮಿಶ್ರ ಮಾಧ್ಯಮ ಕಲಾವಿದರು' ಎಂದಿದೆ, 'ದೆಕೊಲಾಜ್'ಗೆ (ಅಂಟಿಸಿದ ಪದರಗಳನ್ನು ಹರಿದು, ತೆಗೆದು ಚಿತ್ರ ಮಾಡುವ ಕಲೆ) 'ನಿರ್ಲೇಪನ' ಎಂದಿದೆ. ಒಪ್ಪಬಹುದೇ?

ಉತ್ತರ: 'ನಿರ್ಲೇಪನ' ಬೇಡ. 'ನಿರ್ಲಿಪ್ತ' ನೆನಪಾಗಿ ಓದುಗರು ವೇದಾಂತದ ಕಡೆ ಹೋಗಿಬಿಡುತ್ತಾರೆ. ಫ್ರೆಂಚಿನಲ್ಲಿ 'ಕೊಲ್' ಅಂದರೆ ಅಂಟು, 'ಕೊಲೇ' ಅಂದರೆ ಅಂಟಿಸು (ನಮ್ಮ ಕೊಲೆಯಲ್ಲ!). 'ದೆ' ಸೇರಿದರೆ ಅಂಟು ಬಿಡಿಸುವುದು. ವಿಮಾನ ನೆಲ ಬಿಟ್ಟು ಏಳುವುದಕ್ಕೂ ಅಲ್ಲಿ ಇದೇ ಮಾತು. ಇಷ್ಟು ದಿನಬಳಕೆಯ ಪದಕ್ಕೆ ಸಂಸ್ಕೃತದ ಪೇಟ ಯಾಕೆ?

ನಮ್ಮಲ್ಲಿ 'ಹರಿ', 'ಕೀಳು', 'ಸುಲಿ' ಇವೆ. ಮೂರೂ ಒಂದಲ್ಲ. ಮೈದಾ ಅಂಟಿನಲ್ಲಿ ಹಚ್ಚಿದ ಪೋಸ್ಟರ್ ಹತ್ತು ಪದರ ಕೂತರೆ ರಟ್ಟಿನಷ್ಟು ದಪ್ಪವಾಗುತ್ತದೆ. ನೀರು ಚಿಮುಕಿಸಿ, ಅಂಟು ನೆನೆಯಲು ಬಿಟ್ಟು, ಮೂಲೆ ಎಬ್ಬಿಸಿ ಗೋಡೆಗೆ ಒತ್ತಿದಂತೆ ಮಡಚಿ ನಿಧಾನ ಎಳೆದರೆ ಹಾಳೆ ಇಡಿಯಾಗಿ ಬರುತ್ತದೆ. ಇದು ಸುಲಿಯುವುದು. ನೀರು ಹೆಚ್ಚಾದರೆ ಕಾಗದವೇ ಮುದ್ದೆ. ಒಣಗಿದ್ದಾಗ ಜಗ್ಗಿದರೆ ಅಂಟು ಬಿಡುವ ಮೊದಲೇ ಕಾಗದ ಸೀಳಿ, ಬಣ್ಣದ ಅಂಚಿಗೆ ಬಿಳಿ ನಾರು ಎದ್ದು ಕಾಣುತ್ತದೆ. ಇದು ಹರಿಯುವುದು. ವಿಲೆಗ್ಲೆ ಕೃತಿಗಳಲ್ಲಿ ಗೆರೆಯ ಕೆಲಸ ಮಾಡುವುದು ಆ ಬಿಳಿ ಅಂಚೇ.

ಅಲ್ಲಿ ಹರಿದವರು ದಾರಿಹೋಕರು. ವಿಲೆಗ್ಲೆ ಆರಿಸಿ, ಕಿತ್ತು ತಂದು, ಬೆನ್ನಿಗೆ ಕ್ಯಾನ್ವಾಸ್ ಅಂಟಿಸಿ, ಹೆಚ್ಚಿನವಕ್ಕೆ ಬೀದಿಯ ಹೆಸರನ್ನೂ ದಿನಾಂಕವನ್ನೂ ಶೀರ್ಷಿಕೆಯಾಗಿ ಇಟ್ಟರು. ಆ ಹರಿದವರನ್ನೆಲ್ಲ ಸೇರಿಸಿ ಅವರು ಕೊಟ್ಟ ಹೆಸರನ್ನು 'ಹೆಸರಿಲ್ಲದ ಹರಿದಾತ' ಎನ್ನಬಹುದು. ಇಲ್ಲಿ ಮಾಧ್ಯಮ ಪೋಸ್ಟರೊಂದೇ, ಬೆರಕೆಯೇನೂ ಇಲ್ಲ. ಹಾಗಾಗಿ 'ಮಿಶ್ರ ಮಾಧ್ಯಮ' ಸಲ್ಲದು.

ಬ್ರಾಡ್‌ಫರ್ಡ್‌ಗೆ ಸಲ್ಲುತ್ತದೆ. ಪೋಸ್ಟರ್, ಹೇರ್ ಸಲೂನಿನಲ್ಲಿ ಕೂದಲ ತುದಿಗೆ ಸುತ್ತುವ ತೆಳು ಕಾಗದ, ಹುರಿ, ಬಣ್ಣ ಎಲ್ಲವನ್ನೂ ಪದರ ಪದರವಾಗಿ ಕೂರಿಸಿ, ಆಮೇಲೆ ಸ್ಯಾಂಡರ್ ಮೆಷಿನ್ನಿನಿಂದ ಉಜ್ಜುತ್ತಾರೆ. ಹುರಿ ಉಬ್ಬಿಸಿದ ಕಡೆ ಮೇಲಿನ ಕಾಗದ ಬೇಗ ಸವೆದು ಒಳಗಿನ ಬಣ್ಣ ಇಣುಕುತ್ತದೆ. ದೂರದಿಂದ ನೋಡಿದರೆ ನಗರದ ನಕ್ಷೆ, ರಸ್ತೆಗಳ ಬಲೆ. ಅಂದರೆ ಮೊದಲು ಕೊಲಾಜ್ (ಅಂಟಿಸಿ ಕಟ್ಟುವುದು), ಆಮೇಲೆ ದೆಕೊಲಾಜ್. ಆದರೆ ಇಲ್ಲಿ 'ಸುಲಿ' ಅನ್ನಬೇಡಿ, 'ಉಜ್ಜಿ ತೆಗೆ' ಅನ್ನಿ.

ನನ್ನ ಸಲಹೆ: 'ಕೊಲಾಜ್' ರೂಢಿಯಾಗಿದೆ, ಹಾಗೇ ಇರಲಿ. 'ದೆಕೊಲಾಜ್'ಗೆ 'ಸುಲಿಚಿತ್ರ'. 'ಸುಲಿಗೆ'ಯ ವಾಸನೆ ಕೊಂಚ ಬರುತ್ತದೆ, ಬರಲಿ, ಗೋಡೆಯಿಂದ ಕದ್ದೊಯ್ದ ಮಾಲೇ ತಾನೆ! 'ಹಕ್ಕಳೆಚಿತ್ರ' ಕಿವಿಗೆ ಚೆಂದ, ಆದರೆ ಹಕ್ಕಳೆ ತಾನಾಗಿ ಏಳುವಂಥದ್ದು, ಕೈಯ ಕೆಲಸ ಅದರಲ್ಲಿಲ್ಲ.

ಇನ್ನೊಂದು: 1949ರಲ್ಲಿ ಕಲಾವಿದ ರೇಮಂ ಆಂಸ್ ಜೊತೆ ವಿಲೆಗ್ಲೆ ಮಾಡಿದ 'ಆಖ್ ಅಲ್ಮಾ ಮಾನೆತ್ರೊ' ಕೃತಿಯ ಶೀರ್ಷಿಕೆಯನ್ನು ಅನುವಾದಿಸಲು ಹೋಗಬೇಡಿ. ಹರಿದ ಪೋಸ್ಟರುಗಳಲ್ಲಿ ಓದಲು ಉಳಿದ ಅಕ್ಷರಗಳ ತುಣುಕು ಅದು. ಲಿಪ್ಯಂತರ ಸಾಕು.