ಅಪ್‌ಡೇಟ್: ಪೋಷಣೆ, ಆರೋಗ್ಯ ಉತ್ತೇಜನ ಎರಡನ್ನೂ ಜೊತೆಗೆ ಓದಬಹುದಾ?

ಪೋಷಣೆ ಒಂದನ್ನೇ ಓದಲಾ, ಜೊತೆಗೆ ಆರೋಗ್ಯ ಉತ್ತೇಜನವನ್ನೂ ತೆಗೆದುಕೊಳ್ಳಲಾ ಅಂತ ಇಲ್ಲಿ ಕೇಳಿದ್ದೆ. ಎರಡೂ ಇರಲಿ ಅಂದವರೇ ಜಾಸ್ತಿ. ಈಗ ಮೈಸೂರಿನಲ್ಲಿ ಎರಡನ್ನೂ ಓದುತ್ತಿದ್ದೇನೆ. ತುಂಬಾ ಖುಷಿಯಾಗಿದ್ದೇನೆ.

ಪೋಷಣೆಯ ತರಗತಿಯಲ್ಲಿ ಯಾವ ಸೊಪ್ಪಿನಲ್ಲಿ ಎಷ್ಟು ಕಬ್ಬಿಣಾಂಶ ಇದೆ, ನಿಂಬೆರಸ ಅದನ್ನು ಮೈಗೆ ಹತ್ತಿಸುತ್ತದೆ, ಊಟದ ಜೊತೆ ಕುಡಿದ ಟೀ ತಡೆಯುತ್ತದೆ ಅಂತ ಕಲಿಯುತ್ತೇವೆ. ಆದರೆ ಮಂಡ್ಯ ಕಡೆ ಹಳ್ಳಿಗೆ ಹೋದರೆ ಪ್ರಶ್ನೆಯೇ ಬೇರೆ. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವ ಸೊಸೆಯ ತಟ್ಟೆಗೆ ಆ ಸೊಪ್ಪು ಉಳಿಯುತ್ತದಾ? ಮುದ್ದೆ ಇರುತ್ತದೆ, ಸಾರು ತಳ ಕಂಡಿರುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ. ಬರೀ 'ಸೊಪ್ಪು ತಿನ್ನಿ' ಅಂದರೆ ಇದು ಹೋಗುವುದಿಲ್ಲ, ಅಲ್ವಾ? ಅತ್ತೆಯನ್ನೂ ಗಂಡನನ್ನೂ ಕೂರಿಸಿ ಮಾತಾಡಬೇಕು. ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್ ಜೊತೆ ನಿಲ್ಲಬೇಕು. ಆರೋಗ್ಯ ಉತ್ತೇಜನದಲ್ಲಿ ಕಲಿಯುವುದು ಇದನ್ನೇ.

ಆರೋಗ್ಯ ಉತ್ತೇಜನದ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆಯ ಸಮ್ಮೇಳನ ಒಪ್ಪಿದ 1986ರ ಒಟ್ಟಾವಾ ಸನ್ನದು ಹೇಳಿದ್ದೂ ಇದನ್ನೇ: ಜನ ತಮ್ಮ ಆರೋಗ್ಯವನ್ನು ತಾವೇ ನೋಡಿಕೊಳ್ಳುವ ಶಕ್ತಿ ಬೆಳೆಸಬೇಕು. ಅದಕ್ಕೆ ತಕ್ಕ ವಾತಾವರಣ, ಸರ್ಕಾರದ ನೀತಿ ಎರಡೂ ಬೇಕು. ನನಗೆ ಅತಿ ಇಷ್ಟವಾದ ಪಾಠ ಇದು.

ಓದುವ ಹೊರೆ ಇದೆ. ಜೀವರಸಾಯನಶಾಸ್ತ್ರ, ಅಂಕಿಅಂಶ ಎರಡೂ ಬೆವರಿಳಿಸುತ್ತವೆ.

ಆಸ್ಪತ್ರೆಯಲ್ಲಿ ಡಯಟೀಷಿಯನ್ ಆಗಬೇಕು ಅನ್ನುವವರು ಸೇರುವ ಮುಂಚೆಯೇ ಭಾರತೀಯ ಡಯಟೆಟಿಕ್ ಅಸೋಸಿಯೇಷನ್‌ನ ಆರ್‌ಡಿ (ರಿಜಿಸ್ಟರ್ಡ್ ಡಯಟೀಷಿಯನ್) ಪರೀಕ್ಷೆಗೆ ಯಾವ ಪದವಿ, ಎಷ್ಟು ಇಂಟರ್ನ್‌ಶಿಪ್ ಬೇಕು ಅಂತ ನೋಡಿಕೊಳ್ಳಿ. ಸಿಲೆಬಸ್ ಬಗ್ಗೆ ಏನೇ ಕೇಳಿ, ಹೇಳುತ್ತೇನೆ.