ಪದಚರ್ಚೆ: 'ವೀಲ್ ಅಲೈನ್‌ಮೆಂಟ್'ಗೆ ಬೋರ್ಡಿನಲ್ಲಿ ಏನು ಬರೆಸಲಿ? (ತುರ್ತು)

ನಮಸ್ಕಾರ. ಪರಿಚಯದವರ ಟೈರ್ ಅಂಗಡಿಗೆ ಹೊಸ ಬೋರ್ಡ್ ಆಗಬೇಕು. ನಾಳೆ ಸಂಜೆಗೆ ಪೇಂಟರ್ ಬರ್ತಾರೆ. ಕರ್ನಾಟಕದ ಕನ್ನಡ ಭಾಷಾ ಕಾಯ್ದೆಗೆ 2024ರ ತಿದ್ದುಪಡಿ ಬಂದ ಮೇಲೆ ಶೇ. 60 ಕನ್ನಡ ಇರಲೇಬೇಕು, ಅದೂ ಬೋರ್ಡಿನ ಮೇಲರ್ಧದಲ್ಲಿ. ಅನುವಾದದ ಆ್ಯಪ್ 'ಚಕ್ರ ಜೋಡಣೆ' ಅನ್ನುತ್ತೆ, ನನಗೆ ಒಪ್ಪಿಗೆಯಾಗಲಿಲ್ಲ. ಕೆಳಗೆ ಇನ್ನೆರಡು ಸಾಲು ಬೇಕಂತೆ: ಗಾಳಿ ಸರಿಯಿಲ್ಲದಿದ್ದರೆ, ಅಲೈನ್‌ಮೆಂಟ್ ತಪ್ಪಿದ್ದರೆ ಕಾರಿನ ಹ್ಯಾಂಡ್ಲಿಂಗ್ (ಓಡಿಸುವವರು ಹೇಳಿದಂತೆ ಗಾಡಿ ಕೇಳುವ ರೀತಿ) ಕೆಡುತ್ತೆ ಅಂತ. ಹ್ಯಾಂಡ್ಲಿಂಗಿಗೆ 'ನಿರ್ವಹಣೆ' ಅಂದರೆ ಮೆಂಟೆನೆನ್ಸ್ ಆಗಿಬಿಡುತ್ತೆ. ದಯವಿಟ್ಟು ಬೇಗ ತಿಳಿಸಿ.

ಮರು:
ಜೋಡಣೆ ಬೇಡ. ಬಿಚ್ಚಿದ್ದನ್ನು ಕೂಡಿಸುವುದು ಜೋಡಣೆ. ಚಕ್ರವೂ ಬೇಡ, ನಮ್ಮದೇ 'ಗಾಲಿ' ಇದೆ. ತಮಿಳಿನ 'ಕಾಲ್', ತೆಲುಗಿನ 'ಗಾಲು', ನಮ್ಮ 'ಗಾಲಿ' ಒಂದೇ ಬೇರಿನವು. ಇಂಥ ಪದ ಕೈಯಲ್ಲಿಟ್ಟುಕೊಂಡು ಚಕ್ರದ ಹಿಂದೆ ಯಾಕೆ ಹೋಗಬೇಕು? 'ಗಾಲಿ ಓರಣ' ಬರೆಸಿ. ಮುಗಿಯಿತು.

ಮರು:
ಮುಗಿದಿಲ್ಲ. ಪಾತ್ರೆ ಪುಸ್ತಕ ಒಪ್ಪವಾಗಿಟ್ಟರೆ ಓರಣ. ಇಲ್ಲಿ ಸರಿಮಾಡುವುದು ಗಾಲಿಯ ಓರೆಯನ್ನು, ಅದೂ ಮೂರು ದಿಕ್ಕಿನಿಂದ. ಎದುರಿನಿಂದ ನೋಡಿದಾಗ ಗಾಲಿಯ ತಲೆ ಒಳಕ್ಕೋ ಹೊರಕ್ಕೋ ವಾಲಿದ್ದರೆ ಕ್ಯಾಂಬರ್. ಮೇಲಿನಿಂದ ನೋಡಿದಾಗ ಮುಂದಿನೆರಡು ಗಾಲಿಗಳ ಮೂತಿ ಒಳಕ್ಕೆ ತಿರುಗಿದ್ದರೆ ಟೋ-ಇನ್. ಪಕ್ಕದಿಂದ ನೋಡಿದಾಗ ಸ್ಟೇರಿಂಗ್ ತಿರುಗುವ ಅಕ್ಷ ಹಿಂದಕ್ಕೆ ಒರಗಿರುವುದು ಕ್ಯಾಸ್ಟರ್. ತಿರುವು ದಾಟಿದ ಮೇಲೆ ಸ್ಟೇರಿಂಗ್ ತಾನಾಗಿ ನೇರಕ್ಕೆ ಬರುವುದು ಬಹುಮಟ್ಟಿಗೆ ಅದರಿಂದ. ಪೂರ್ತಿ ನೆಟ್ಟಗೆ ನಿಲ್ಲಿಸುವ ಕೆಲಸವೇ ಅಲ್ಲ ಇದು. ಎಷ್ಟು ಓರೆ ಬೇಕೋ ಅಷ್ಟನ್ನು ಕೊಡುವ ಕೆಲಸ.

ಗಾರೆಯವರ ಬಾಯಲ್ಲಿ ಇದಕ್ಕೆ ಪದ ಇದೆ: ವಾಟ. ತಾರಸಿಯ ನೀರು ಹರಿದುಹೋಗಲು ವಾಟ ಕೊಡುವುದಿಲ್ಲವೇ? ರಸ್ತೆಗೂ ಅಂಚಿನ ಕಡೆ ವಾಟ ಇರುತ್ತೆ. ಕಾರು ಒಂಚೂರು ಎಡಕ್ಕೆ ಸರಿದ ಮಾತ್ರಕ್ಕೆ ಅಲೈನ್‌ಮೆಂಟ್ ಹೋಗಿದೆ ಅನ್ನಲಾಗದು, ಸಮತಟ್ಟಾದ ಕಡೆ ಓಡಿಸಿ ನೋಡಬೇಕು. ಹಾಗಾಗಿ 'ಗಾಲಿ ವಾಟ'. ಪೇಂಟರಿಗೆ ಲಕಾರ ಒತ್ತಿ ಹೇಳಿ. ಅದೇ ಬೋರ್ಡಿನಲ್ಲಿ 'ಗಾಳಿ'ಯೂ ಬರುತ್ತೆ, ಒಂದಕ್ಕೊಂದು ಅದಲುಬದಲಾದರೆ ಅರ್ಥವೇ ಹೋಯಿತು.

ಹ್ಯಾಂಡ್ಲಿಂಗಿಗೆ ನಾಮಪದ ಹುಡುಕಬೇಡಿ, ಕನ್ನಡದಲ್ಲಿ ಅದು ಕ್ರಿಯೆಯಾಗಿ ಬರುತ್ತೆ. ಡ್ರೈವರ್‌ಗಳು ಹೇಳುವುದೇ ಹಾಗೆ: "ಗಾಡಿ ಎಳೀತಿದೆ", "ಸ್ಟೇರಿಂಗ್ ಮಾತು ಕೇಳ್ತಿಲ್ಲ." ಹೀಗೆ ಬರೆಸಿ: 'ಗಾಳಿ ಕಮ್ಮಿಯಾದರೆ ಸ್ಟೇರಿಂಗ್ ಭಾರ, ಟೈರಿನ ಎರಡೂ ಅಂಚು ಸವೆತ. ಗಾಳಿ ಹೆಚ್ಚಾದರೆ ಹಿಡಿತ ಕಮ್ಮಿ, ನಡುವೆ ಸವೆತ. ವಾಟ ತಪ್ಪಿದರೆ ಗಾಡಿ ಒಂದು ಕಡೆಗೆ ಎಳೆಯುತ್ತದೆ.' ಸ್ಟೇರಿಂಗ್ ನಡುಗುವುದನ್ನು ಇದರಲ್ಲಿ ಸೇರಿಸಬೇಡಿ, ಸಾಮಾನ್ಯವಾಗಿ ಅದು ಬ್ಯಾಲೆನ್ಸಿಂಗ್ ತೊಂದರೆ, ಅಂದರೆ ಗಾಲಿಯ ಸುತ್ತ ತೂಕ ಸಮನಾಗಿಲ್ಲದಿರುವುದು.

ಮರು:
'ವಾಟ' ಒಪ್ಪಿದೆ. ಆದರೆ ಎರಡು ಸಾಲಿನಲ್ಲಿ ಸ್ಟೇರಿಂಗು, ಟೈರು! ಇಂಗ್ಲಿಷನ್ನು ಕನ್ನಡ ಲಿಪಿಯಲ್ಲಿ ಬರೆದರೆ ಕಾನೂನಿನ ಲೆಕ್ಕ ತುಂಬಬಹುದು, ಭಾಷೆ ತುಂಬುವುದಿಲ್ಲ. 'ತಿರುಗುಣಿ' ಅನ್ನಲು ಏನು ಕಷ್ಟ?

ಮರು:
ಕಷ್ಟ ಡ್ರೈವರಿಗೆ. ಟೈರು, ಟೈರಿನ, ಟೈರಿಗೆ. ಉಕಾರ ಹತ್ತಿ, ವಿಭಕ್ತಿ ಹತ್ತಿದ ಮೇಲೆ ಅದು ಕನ್ನಡವೇ. ನೀವು ಓಡಿಸುವ 'ಗಾಡಿ' ಎಲ್ಲಿಂದ ಬಂತು? ಅದೂ ಉತ್ತರದ ಕಡೆಯಿಂದ ಬಂದದ್ದೇ. ಇದ್ದ ಪದವನ್ನು ಮರೆತು ಎರವಲು ತಂದರೆ ನನಗೂ ಸಿಟ್ಟು ಬರುತ್ತೆ, ಅದಕ್ಕೇ ವಾಟ ಹೇಳಿದ್ದು. ಬಳಕೆಯಲ್ಲಿರುವುದನ್ನು ಕಿತ್ತು ಯಾರೂ ಆಡದ ಪದ ನೆಡುವುದಕ್ಕೆ ನನ್ನ ಒಪ್ಪಿಗೆ ಇಲ್ಲ.

ಮರು:
ಗಾರೆ ಪದ ಗಾರೆಯವರಿಗಿರಲಿ. ಓರಣವೇ ಸರಿ. ಗಾಲಿಯ ಬೇರಿನ ಬಗ್ಗೆ ಒಬ್ಬರೂ ಮಾತಾಡಲಿಲ್ಲ.

ಮರು:
ಎಲ್ಲರಿಗೂ ಧನ್ಯವಾದ. ಅಂಗಡಿಯವರಿಗೆ ಎರಡನ್ನೂ ಓದಿ ಹೇಳಿದೆ. 'ವಾಟ' ಅಂದ ಕೂಡಲೇ ಅರ್ಥವಾಯಿತು, 'ಓರಣ' ಅಂದರೆ ಟೈರು ಸಾಲಾಗಿ ಜೋಡಿಸಿಡೋದಾ ಅಂತ ಕೇಳಿದರು. ದೊಡ್ಡ ಅಕ್ಷರದಲ್ಲಿ 'ಗಾಲಿ ವಾಟ ಸರಿಮಾಡಿ ಕೊಡುತ್ತೇವೆ', ಅದರ ಕೆಳಗೆ ಸಣ್ಣದಾಗಿ 'ವೀಲ್ ಅಲೈನ್‌ಮೆಂಟ್'. ಇನ್ನು ಬ್ಯಾಲೆನ್ಸಿಂಗಿಗೆ ಪದ ಬೇಕು. 'ತೂಕ ಸರಿಮಾಡುವುದು' ಸಾಕೇ? ನಾಳೆ ಮಧ್ಯಾಹ್ನದೊಳಗೆ ತಿಳಿಸಿದರೆ ಉಪಕಾರ.